ಶೀರ್ಷಿಕೆಪುಟ ಹರಿದ ಸ್ಟೀವನ್‌ಸನ್ ಜೀವನಚರಿತ್ರೆ: ಎಷ್ಟು ನಂಬೋದು?

ಪುಟ_ಹರಿದವ
ಹೋದ ಭಾನುವಾರ ಅವೆನ್ಯೂ ರಸ್ತೆಯಲ್ಲಿ ಪಿಯುಸಿ ಗೈಡುಗಳ ರಾಶಿ ಅಡಿಯಿಂದ ಒಂದು ಹಳೇ ಇಂಗ್ಲಿಷ್ ಪುಸ್ತಕ ಎಳೆದೆ. 120 ಅಂದ, 80ಕ್ಕೆ ಕೊಟ್ಟ. ರಟ್ಟು ಗಟ್ಟಿಯಾಗಿದೆ, ಬೆನ್ನಿನ ಬಟ್ಟೆ ಹೋಗಿದೆ, ಮೊದಲ ನಾಲ್ಕು ಪುಟ ಇಲ್ಲವೇ ಇಲ್ಲ. ಹಾಗಾಗಿ ಬರೆದವರು ಯಾರು, ಯಾವ ಇಸವಿ, ಒಂದೂ ಗೊತ್ತಾಗುತ್ತಿಲ್ಲ. ವಿಷಯ ಮಾತ್ರ ಗೊತ್ತು: ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಮೊದಲ ಮೂವತ್ತು ವರ್ಷ. 1850ರ ನವೆಂಬರ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಹುಟ್ಟಿದ್ದರಿಂದ ಹಿಡಿದು 1879ರಲ್ಲಿ ಅಮೆರಿಕದ ಹಡಗು ಹತ್ತುವವರೆಗೆ. ‘ಟ್ರೆಷರ್ ಐಲೆಂಡ್’ ಬರೆಯೋ ಹೊತ್ತಿಗೆ ಪುಸ್ತಕವೇ ಮುಗಿದುಹೋಗಿರುತ್ತೆ.

ಓದೋಕೆ ಚೆನ್ನಾಗಿದೆ. ಆದರೆ ಈ ಲೇಖಕ ಸ್ಟೀವನ್‌ಸನ್ನನ್ನು ಕಣ್ಣಲ್ಲಿ ಕಂಡವನಲ್ಲ. ಪುಟಕ್ಕೆ ನಾಲ್ಕು ಸಲ ‘ಎಂದು ಹೇಳುತ್ತಾರೆ’, ‘ಹಿರಿಯರೊಬ್ಬರು ನೆನೆಯುವಂತೆ’. ಸೆಕೆಂಡ್ ಹ್ಯಾಂಡ್ ಪುಸ್ತಕ, ಒಳಗಿರೋದೂ ಸೆಕೆಂಡ್ ಹ್ಯಾಂಡ್ ಮಾಲು. ಒಂಬತ್ತನೇ ಅಧ್ಯಾಯದಲ್ಲಂತೂ ಕ್ಲೇರ್ ಅಂತ ಒಬ್ಬಳು ಬರ್ತಾಳೆ. ಹೈಲ್ಯಾಂಡ್ಸ್ ಕಡೆಯ ಬಡ ಹುಡುಗಿ, ಎಡಿನ್‌ಬರೊದ ಹಳೇ ಗಲ್ಲಿಯಲ್ಲಿ ಮೈ ಮಾರಿಕೊಂಡು ಬದುಕುತ್ತಿದ್ದವಳು. ಇವನು ಮದುವೆ ಆಗೇ ಆಗ್ತೀನಿ ಅಂದ, ಅಪ್ಪ ಬಿಡಲಿಲ್ಲ, ಹುಡುಗ ಜೀವನಪೂರ್ತಿ ಕೊರಗಿದ. ಥೇಟ್ ಸಿನಿಮಾ. ಇದು ನಿಜವಾ? ಗೊತ್ತಿದ್ದವರು ಹೇಳಿ.

ಬಿಸಿಬೇಳೆ_ಬಾಯ್
ಅಣ್ಣ, ಒಬ್ಬನೇ ಇಬ್ಬರಾಗಿ ಬದುಕೋ ಆ ‘ಜೆಕಿಲ್ ಅಂಡ್ ಹೈಡ್’ ಕಥೆ ಬರೆದವನು ಇವನೇ ತಾನೇ? ಹಾಗಾದ್ರೆ ಗಲ್ಲಿ ಕಥೆ ನಿಜಾನೇ ಇರಬೇಕು. ಹಗಲು ಒಂದು, ರಾತ್ರಿ ಒಂದು.

ಸಾಗರದ_ಸೋನೆ
ಕ್ಲೇರ್ ವಿಷಯ ತಿಳಿದವರು ಹೇಳಲಿ. ನನಗೆ ಆ ಆಯಾಳ ಬಗ್ಗೆ ಏನು ಬರೆದಿದ್ದಾರೆ ನೋಡಬೇಕಿತ್ತು. ಆಲಿಸನ್ ಕನಿಂಗ್‌ಹ್ಯಾಮ್. ಮಗುವಿಗೆ ಒಂದೂವರೆ ವರ್ಷವಿದ್ದಾಗ ಫೈಫ್ ಕಡೆಯ ಹಳ್ಳಿಯಿಂದ ಕೆಲಸಕ್ಕೆ ಬಂದವಳು. ಮನೆಯಲ್ಲಿ ಕರೀತಿದ್ದದ್ದು ‘ಕಮ್ಮಿ’ ಅಂತ. ಹೆಸರು ಕಮ್ಮಿ, ಮಾಡಿದ್ದು ಒಂದೂ ಕಮ್ಮಿ ಇಲ್ಲ.

ಹುಡುಗನಿಗೆ ಎದೆಯ ಕಾಯಿಲೆ, ರಾತ್ರಿಯೆಲ್ಲ ಕೆಮ್ಮು. ನಿದ್ದೆ ಹತ್ತದಿದ್ದಾಗ ಇವಳು ಹಾಸಿಗೆಯಿಂದ ಎತ್ತಿಕೊಂಡು ಕಿಟಕಿ ಹತ್ತಿರ ಹೋಗ್ತಿದ್ದಳು. ತೋಟದಾಚೆ ಕ್ವೀನ್ ಸ್ಟ್ರೀಟಿನಲ್ಲಿ ಒಂದೆರಡು ಕಿಟಕಿಗಳಲ್ಲಿ ದೀಪ ಕಾಣೋದು. ಅಲ್ಲೂ ನಿನ್ನ ಹಾಗೇ ಹುಷಾರಿಲ್ಲದ ಪುಟ್ಟ ಹುಡುಗರಿರಬಹುದು, ಅವರ ಆಯಾಗಳೂ ನಮ್ಮ ಹಾಗೇ ಬೆಳಗಾಗೋದನ್ನ ಕಾಯ್ತಿರಬಹುದು ಅಂತ ಇಬ್ಬರೂ ಮಾತಾಡಿಕೊಳ್ತಿದ್ದರಂತೆ. ಇದನ್ನು ಅವನೇ ದೊಡ್ಡವನಾದ ಮೇಲೆ ಬರೆದಿದ್ದಾನೆ, ಹಾಗಾಗಿ ನಂಬಬಹುದು. ನಾನು ನನ್ನ ಮಗನಿಗೆ ನ್ಯುಮೋನಿಯಾ ಆದಾಗ ಆಸ್ಪತ್ರೆ ಕಿಟಕಿ ಹತ್ತಿರ ಇದೇ ಮಾತು ಹೇಳಿದ್ದೆ, ಎದುರುಗಡೆ ವಾರ್ಡಿನ ಲೈಟು ತೋರಿಸಿ.

ನಿವೃತ್ತ_ಮೇಷ್ಟ್ರು
ಪುಟ ಹರಿದವರೇ, ಒಂದು ಪ್ರಶ್ನೆ ಕೇಳಿ ಆಮೇಲೆ ಉತ್ತರ ಕೊಡುತ್ತೇನೆ. ಪುಸ್ತಕದ ಕೊನೆಯ ಖಾಲಿ ಪುಟಗಳಲ್ಲಿ ಏನಾದರೂ ಬರೆದಿದೆಯೇ? ಹಿಂದಿನ ಮಾಲೀಕರ ಸಹಿ, ತಾರೀಖು, ಏನಾದರೂ? ನೋಡಿ ಹೇಳಿ.

ಅಷ್ಟರಲ್ಲಿ ಕಮ್ಮಿಯ ವಿಷಯಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಆಕೆ ಬರೀ ಕರುಣಾಮಯಿ ಎಂದುಕೊಂಡರೆ ಅರ್ಧ ಚಿತ್ರ ಸಿಕ್ಕಂತೆ. ಕಟ್ಟಾ ಪ್ರೆಸ್ಬಿಟೇರಿಯನ್. ಇಸ್ಪೀಟು ಪಾಪ, ನಾಟಕ ಪಾಪ. ಮಲಗುವ ಮಗುವಿಗೆ ಬೈಬಲ್ಲಿನ ಜೊತೆಗೆ ಕವೆನೆಂಟರ್‌ಗಳ ಕಥೆ. ಹದಿನೇಳನೇ ಶತಮಾನದಲ್ಲಿ ರಾಜ ಹೇರಿದ ಚರ್ಚಿನ ಪದ್ಧತಿ ಒಪ್ಪದೆ ಬೆಟ್ಟದ ಮರೆಯಲ್ಲಿ ಪ್ರಾರ್ಥನೆ ನಡೆಸಿ ಜೀವ ತೆತ್ತವರು ಅವರು. ನರಕ, ಸೈತಾನ, ನೇಣುಗಂಬ ಎಲ್ಲ ಬರುತ್ತವೆ. ಕೇಳಿದ ಹುಡುಗನಿಗೆ ಕೆಟ್ಟ ಕನಸು, ಸಮಾಧಾನ ಮಾಡುವವಳೂ ಅವಳೇ. ಅವಳು ಹೆದರಿಸಿದ್ದು ಹಾಳಾಗಲಿಲ್ಲ ಎನ್ನಿ. ಅವನ ಮೊದಲ ಅಚ್ಚಾದ ಬರಹ ಅದೇ ಕವೆನೆಂಟರ್‌ಗಳ 1666ರ ಪೆಂಟ್‌ಲ್ಯಾಂಡ್ ದಂಗೆಯ ಕುರಿತ ಕಿರುಹೊತ್ತಿಗೆ. ದಂಗೆಗೆ 200 ವರ್ಷ ತುಂಬಿದಾಗ, 1866ರಲ್ಲಿ, ಅಪ್ಪ ಕೈಯಿಂದ ದುಡ್ಡು ಹಾಕಿ 100 ಪ್ರತಿ ಅಚ್ಚು ಮಾಡಿಸಿದ. ಹುಡುಗನಿಗೆ ಹದಿನಾರು.

ಧಾರವಾಡ_ಪೇಢಾ
ನಮಸ್ಕಾರ್ರೀ ಎಲ್ಲಾರಿಗೂ. ಅಪ್ಪನ್ನ ವಿಲನ್ ಮಾಡಬ್ಯಾಡ್ರಿ ಅಂತ ನನ್ನ ವಿನಂತಿ. ಟಾಮಸ್ ಸ್ಟೀವನ್‌ಸನ್ ದೀಪಸ್ತಂಭ ಕಟ್ಟೋ ಇಂಜಿನಿಯರ್. ಅವರಪ್ಪ ರಾಬರ್ಟ್ ಬೆಲ್ ರಾಕ್ ಮ್ಯಾಲೆ ದೀಪಸ್ತಂಭ ಕಟ್ಟಿದಾವ, 1811ರಾಗ ದೀಪ ಹತ್ತಿತು. ಅಣ್ಣ ಅಲನ್ 1844ರ ಸ್ಕೆರ್ರಿವೋರ್ ಕಟ್ಟಿದಾವ. ಇಡೀ ಮನಿತನಾನ ಹಂಗ. ಇಂಥಾ ಮನ್ಯಾಗ ಹುಟ್ಟಿದ ಒಬ್ಬನ ಮಗ ‘ನಾ ಬರಿತೇನಿ’ ಅಂದ್ರ ಯಾವ ಅಪ್ಪಗ ಹೆಂಗ ಅನಸ್ತೈತಿ?

ಆದ್ರ ಆ ಅಪ್ಪನೂ ಒಳಗೊಳಗ ಕಥೆಗಾರನ ಇದ್ದ. ತನಗ ನಿದ್ದಿ ಬರಬೇಕಂದ್ರ ಹಡಗು, ಹಳೇ ನಾವಿಕರು, ದಾರಿ ಬದಿ ಛತ್ರ, ದರೋಡೆಕೋರರು ಅಂತ ದಿನಾ ರಾತ್ರಿ ತನ್ನಷ್ಟಕ್ಕ ತಾನ ಕಥಿ ಕಟಗೋತ ಮಲಗತಿದ್ದ. ಮಗ ರಾತ್ರಿ ಹೆದರಿ ಚೀರಿದ್ರ ಬಂದು ಹಾಸಿಗಿ ಬಾಜೂ ಕುಂತು, ಗಾಡಿ ಹೊಡಿಯಾವನ ಜೋಡಿ, ಛತ್ರದ ಮಾಲಕನ ಜೋಡಿ ಮಾತಾಡಿದಂಗ ನಾಟಕ ಮಾಡತಿದ್ದ, ಹುಡುಗ ಶಾಂತ ಆಗೂತನಕ. ಮುಂದ 1881ರಾಗ ಮಗ ಟ್ರೆಷರ್ ಐಲೆಂಡ್ ಬರಿಯೂ ಮುಂದ, ಅದರಾಗಿನ ಹಳೇ ಕಡಲಗಳ್ಳ ಬಿಲ್ಲಿ ಬೋನ್ಸನ ಪೆಟ್ಟಿಗ್ಯಾಗ ಏನೇನು ಇರಬೇಕು ಅಂತ ಪಟ್ಟಿ ಮಾಡಿಕೊಟ್ಟಾವ ಇದ ಅಪ್ಪ. ನಿಮ್ಮ ಪುಸ್ತಕದಾಗ ಇದು ಐತೇನ್ರಿ? ಇಲ್ಲಂದ್ರ ಅದು ಅರ್ಧ ಪುಸ್ತಕ.

ಬಿಸಿಬೇಳೆ_ಬಾಯ್
ನಾನೂ ಸಿವಿಲ್ ಇಂಜಿನಿಯರಿಂಗ್ ಐದನೇ ಸೆಮ್. ಇವನಿಗೂ ಮನೆಯವರೇ ಸೀಟು ಹಾಕಿಸಿದ್ದಾ?

ಕಡಲ_ಕರೆ
ಹೌದು ಮಾರಾಯ್ರೆ, ಅದೇ ಕಥೆ. 1867ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಇಂಜಿನಿಯರಿಂಗಿಗೆ ಹಾಕಿದ್ದು. ಕ್ಲಾಸಿಗೆ ಹೋದರಲ್ವಾ! ವರ್ಷದ ಕೊನೆಗೆ ಹಾಜರಿ ಸರ್ಟಿಫಿಕೇಟು ಬೇಕು ಅಂತ ಪ್ರೊಫೆಸರ್ ಫ್ಲೀಮಿಂಗ್ ಜೆಂಕಿನ್ ಹತ್ತಿರ ಹೋದ. ಅವರು ಹೇಳಿದ್ದು: ಕೆಲವರ ವಿಷಯದಲ್ಲಿ ಅನುಮಾನ ಇರಬಹುದು, ನಿಮ್ಮ ವಿಷಯದಲ್ಲಿ ಅನುಮಾನವೇ ಇಲ್ಲ, ನೀವು ನನ್ನ ಕ್ಲಾಸಿಗೆ ಬಂದೇ ಇಲ್ಲ. ಮುಂದೆ ಇಬ್ಬರೂ ದೋಸ್ತಿಗಳಾದರು. ಜೆಂಕಿನ್ ತೀರಿಕೊಂಡ ಮೇಲೆ ಅವರ ಜೀವನಚರಿತ್ರೆ ಬರೆದದ್ದೂ ಈ ಹಾಜರಿ ಇಲ್ಲದ ಹುಡುಗನೇ. ಈ ಬೈಗುಳವನ್ನೂ ಅದರಲ್ಲಿ ತಾನೇ ಬರೆದುಕೊಂಡಿದ್ದಾನೆ.

ರಜೆಯಲ್ಲಿ ಅಪ್ಪ ಸೈಟಿಗೆ ಕಳಿಸ್ತಿದ್ದರು. 1868ರಲ್ಲಿ ಉತ್ತರದ ತುದಿಯ ವಿಕ್ ಎಂಬಲ್ಲಿ ಅಲೆತಡೆ ಗೋಡೆ ಕಟ್ಟುವ ಕೆಲಸ. ಅಲ್ಲಿ ಮುಳುಗುಗಾರರ ಡ್ರೆಸ್ಸು ಹಾಕಿಕೊಂಡು ಸಮುದ್ರದ ತಳಕ್ಕೆ ಇಳಿದಿದ್ದಾನೆ. ಲೋಹದ ಹೆಲ್ಮೆಟ್ಟು, ಸೀಸದ ಭಾರ, ಮೇಲಿಂದ ಪಂಪಿನಲ್ಲಿ ಗಾಳಿ. ಅವನಿಗೆ ಆ ಇಡೀ ಕೆಲಸದಲ್ಲಿ ಖುಷಿ ಕೊಟ್ಟದ್ದು ಅದೊಂದೇ ಅಂತ ಕಾಣ್ತದೆ. 1870ರಲ್ಲಿ ಎರೇಡ್ ಅನ್ನುವ ಪುಟ್ಟ ದ್ವೀಪದಲ್ಲಿ ಇದ್ದ. ಡೂ ಹಾರ್ಟಾಕ್ ದೀಪಸ್ತಂಭಕ್ಕೆ ಕಲ್ಲು ಕೆತ್ತುವ ಜಾಗ ಅದು. ‘ಕಿಡ್ನ್ಯಾಪ್ಡ್’ ಕಾದಂಬರಿಯಲ್ಲಿ ಹಡಗು ಒಡೆದು ಡೇವಿಡ್ ಬಾಲ್ಫರ್ ಒದ್ದೆ ಬಟ್ಟೆಯಲ್ಲಿ ನಡುಗಿಕೊಂಡು ಚಿಪ್ಪುಮೀನು ತಿನ್ನುವುದು ಅಲ್ಲಿಯೇ.

ನಾನು ಕಾಪು ದೀಪಸ್ತಂಭದ ಬುಡದಲ್ಲಿ ಆಡಿ ಬೆಳೆದವನು. ಅದು 1901ರದ್ದು. ಇಂಥಾ ಕಂಬವನ್ನು ಕಲ್ಲು ಕಾಣದ ನಡುಸಮುದ್ರದಲ್ಲಿ ಕಟ್ಟುವುದು ಎಂತದು ಅಂತ ಸ್ವಲ್ಪ ಅಂದಾಜು ಮಾಡ್ಲಿಕ್ಕೆ ಆಗ್ತದೆ. ಮತ್ತೆ ಒಂದು ವಿಷಯ, ಇವ ದಡ್ಡ ಇಂಜಿನಿಯರ್ ಅಲ್ಲ. 1871ರ ಮಾರ್ಚಿನಲ್ಲಿ ದೀಪಸ್ತಂಭದ ಬೆಳಕನ್ನು ಬಿಟ್ಟು ಬಿಟ್ಟು ಹೊಳೆಯುವ ಹಾಗೆ ಮಾಡುವ ಹೊಸ ಕ್ರಮದ ಬಗ್ಗೆ ಪ್ರಬಂಧ ಓದಿ ಬೆಳ್ಳಿ ಪದಕ ತೆಗೆದುಕೊಂಡ. ಅಪ್ಪನಿಗೆ ಎಷ್ಟು ಸಂತೋಷ ಆಗಿರಬೇಕು! ಮರುತಿಂಗಳೇ, ಏಪ್ರಿಲ್ 8ಕ್ಕೆ, ವಾಕಿಂಗಿಗೆ ಹೋದಾಗ ಹೇಳಿದ: ನನಗೆ ಈ ಕೆಲಸ ಬೇಡ.

ಬಿಸಿಬೇಳೆ_ಬಾಯ್
ಮೆಡಲ್ ತಗೊಂಡು ಬಿಟ್ಟಿದ್ದಾ?! ನಮ್ಮಪ್ಪ ಆಗಿದ್ರೆ ಬೆಲ್ಟೇ.

ಕಡಲ_ಕರೆ
ಇವರಪ್ಪ ಬೆಲ್ಟು ತೆಗೆಯಲಿಲ್ಲ. ಆಯ್ತು, ಲಾ ಓದು ಅಂದರು. ಓದಿದ, 1875ರಲ್ಲಿ ವಕೀಲನೂ ಆದ. ಕೇಸು ಮಾತ್ರ ನಡೆಸಲಿಲ್ಲ ಅನ್ನಿ.

ಲೀತ್_ದಂಡೆ
ಎಡಿನ್‌ಬರೊದಿಂದ ಬರೀತಿದ್ದೀನಿ, ಹನ್ನೊಂದು ವರ್ಷವಾಯ್ತು ಇಲ್ಲಿ ಬಂದು. ಮೂಲ ಮೈಸೂರು. ಅವನು ಆರು ವರ್ಷದ ಹುಡುಗನಿಂದ ಬೆಳೆದ ಮನೆ 17, ಹೆರಿಯಟ್ ರೋ. 1857ರಲ್ಲಿ ಅಲ್ಲಿಗೆ ಬಂದರು. ಈಗಲೂ ಯಾರೋ ವಾಸವಿದ್ದಾರೆ, ಆದ್ದರಿಂದ ಹೊರಗಿಂದಲೇ ನೋಡಿಕೊಂಡು ಬರಬೇಕು. ಬಾಗಿಲ ಮುಂದೆ ಬೀದಿದೀಪ ಇದೆ. ಸಂಜೆ ಏಣಿ ಹಿಡಿದು ಬಂದು ದೀಪ ಹಚ್ಚುವ ‘ಲೀರಿ’ಯ ಪದ್ಯ ನೆನಪಿರೋರಿಗೆ ಆ ಕಂಬ ನೋಡಿದರೆ ಸಾಕು. ದೊಡ್ಡವನಾದ ಮೇಲೆ ಲೀರಿಯ ಜೊತೆ ದೀಪ ಹಚ್ಚೋಕೆ ಹೋಗ್ತೀನಿ ಅಂತಾನಲ್ಲ ಹುಡುಗ, ದೀಪಸ್ತಂಭದ ಮನೆತನದವನು ಬರೆದ ಪದ್ಯ ಅಂತ ನೆನೆಸಿಕೊಂಡು ಓದಿ.

ಇನ್ನೊಂದು ವಸ್ತು ಇದೆ. ಇಲ್ಲಿನ ರೈಟರ್ಸ್ ಮ್ಯೂಸಿಯಂನಲ್ಲಿ ಮರದ ಬೀರು ಒಂದಿದೆ. ಅದು ಸ್ಟೀವನ್‌ಸನ್ನನ ಮಲಗೋ ಕೋಣೆಯಲ್ಲಿದ್ದದ್ದು. ಮಾಡಿದವನು ಡೀಕನ್ ಬ್ರೋಡಿ. ಹಗಲು ಹೊತ್ತು ಬಡಗಿಗಳ ಸಂಘದ ಮುಖ್ಯಸ್ಥ, ನಗರಸಭೆ ಸದಸ್ಯ. ರಾತ್ರಿ ಕನ್ನಗಳ್ಳ. 1788ರಲ್ಲಿ ನೇಣಿಗೆ ಹಾಕಿದರು. ಬಿಸಿಬೇಳೆ ಅವರೇ, ನಿಮಗೆ ಹಗಲು ಒಂದು ರಾತ್ರಿ ಒಂದು ಬೇಕಿದ್ದರೆ ಕ್ಲೇರ್ ಬೇಕಾಗಿಲ್ಲ, ಆ ಬೀರು ಸಾಕು. ಅದನ್ನು ನೋಡ್ತಾ ನೋಡ್ತಾ ಮಲಗಿದ ಹುಡುಗ ಮುಂದೆ ಬ್ರೋಡಿ ಮೇಲೆ ನಾಟಕವನ್ನೇ ಬರೆದ, ಜೆಕಿಲ್ ಆಮೇಲೆ ಬಂತು.

ಪುಟ_ಹರಿದವ
ಮೇಷ್ಟ್ರೇ, ನೋಡಿದೆ. ಕೊನೆಯ ರಟ್ಟಿನ ಒಳಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಲೆಕ್ಕ ಇದೆ, ಕನ್ನಡದಲ್ಲಿ! ‘ಹಾಲು 1 ಸೇರು’, ‘ದೋಬಿ 14 ಬಟ್ಟೆ’, ಪಕ್ಕದಲ್ಲಿ 0-3-6, 0-12-0, ಹೀಗೆ. ಸಹಿ ಇಲ್ಲ. ಆಮೇಲೆ ಇನ್ನೊಂದು, ನಾನು ಮೊದಲು ಗಮನಿಸಿರಲಿಲ್ಲ. ಕ್ಲೇರ್ ಅಧ್ಯಾಯದ ಅಂಚಿನಲ್ಲಿ ಅದೇ ಅಕ್ಷರದಲ್ಲಿ ‘ಇವನಿಗೆ ಹೇಳಿದವರು ಯಾರು?’ ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ.

ನಿವೃತ್ತ_ಮೇಷ್ಟ್ರು
ಆ ಪೆನ್ಸಿಲ್ ಹಿಡಿದವರಿಗೆ ನನ್ನ ನಮಸ್ಕಾರ. ಕೇಳಬೇಕಾದ ಪ್ರಶ್ನೆ ಅದೊಂದೇ.

0-3-6 ಎಂದರೆ ಮೂರಾಣೆ ಆರು ಕಾಸು. ನಮ್ಮಲ್ಲಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆದ್ದರಿಂದ ಪುಸ್ತಕ ಅದಕ್ಕೆ ಹಿಂದಿನದು. ಇನ್ನು ಈ ಕಡೆಯಿಂದ ನೋಡೋಣ. ಗಲ್ಲಿಯ ಹುಡುಗಿಯ ಜೊತೆ ಪ್ರೇಮ, ಅಪ್ಪನ ಅಡ್ಡಿ, ಈ ಬಗೆಯ ಕಥೆಗಳನ್ನು ಚಾಲ್ತಿಗೆ ತಂದದ್ದು ಜಾನ್ ಸ್ಟೂವರ್ಟ್ 1924ರಲ್ಲಿ, ಅಮೆರಿಕದ ಜಾರ್ಜ್ ಹೆಲ್ಮನ್ 1925ರಲ್ಲಿ ತಂದ ಜೀವನಚರಿತ್ರೆಗಳು. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಕ್ಲೇರ್ ಇರುವುದಿಲ್ಲ. 1951ರಲ್ಲಿ ಜೀವನಚರಿತ್ರೆಕಾರ ಜೆ. ಸಿ. ಫರ್ನಾಸ್ ಈ ಕಥೆಯನ್ನು ಬುಡಸಮೇತ ಕಿತ್ತುಹಾಕಿದ. ಕ್ಲೇರ್ ಎಂಬ ಗಲ್ಲಿ ಹುಡುಗಿ ಇರಲೇ ಇಲ್ಲ. 1873ರ ಬೇಸಿಗೆಯಲ್ಲಿ ಸಫಕ್‌ನ ಪಾದ್ರಿಯೊಬ್ಬರ ಮನೆಯಲ್ಲಿ ಪರಿಚಯವಾದ ಫ್ರಾನ್ಸಿಸ್ ಸಿಟ್‌ವೆಲ್ ಎಂಬ ಗೃಹಿಣಿಗೆ, ತನಗಿಂತ ಹತ್ತು ವರ್ಷಕ್ಕೂ ಮಿಕ್ಕಿ ದೊಡ್ಡವಳಿಗೆ, ಸ್ಟೀವನ್‌ಸನ್ ರಾಶಿಗಟ್ಟಲೆ ಪತ್ರ ಬರೆದಿದ್ದ. ಅವಳನ್ನು ಕರೆಯಲು ಇಟ್ಟುಕೊಂಡಿದ್ದ ಹೆಸರುಗಳಲ್ಲಿ ಕ್ಲೇರ್ ಎಂಬುದೂ ಒಂದು. ಅವನ ಪದ್ಯದಲ್ಲಿ ಕಂಡ ಆ ಒಂದು ಹೆಸರಿಗೆ ಯಾರೋ ಊರು ಕೊಟ್ಟರು, ಇನ್ಯಾರೋ ಕಸುಬು ಕೊಟ್ಟರು, ಮೂರನೆಯವರು ಮದುವೆ ಮಾತು ಆಡಿಸಿದರು. ಆದ್ದರಿಂದ ನಿಮ್ಮ ಪುಸ್ತಕ 1925ಕ್ಕೂ 1951ಕ್ಕೂ ನಡುವಿನದು. ಶೀರ್ಷಿಕೆಪುಟ ಹೇಳದಿದ್ದರೇನಂತೆ, ಅದರ ಗಾಳಿಸುದ್ದಿಯೇ ವಯಸ್ಸು ಹೇಳುತ್ತದೆ.

ಸಾಗರದ_ಸೋನೆ
ಹಾಗಾದ್ರೆ ಅಪ್ಪ ಮಗನ ಜಗಳವೂ ಸುಳ್ಳಾ ಮೇಷ್ಟ್ರೇ?

ನಿವೃತ್ತ_ಮೇಷ್ಟ್ರು
ಇಲ್ಲಮ್ಮ, ಜಗಳ ನಿಜ. ಕಾರಣ ಬೇರೆ. ಅದಕ್ಕೆ ಯಾರ ನೆನಪೂ ಬೇಕಿಲ್ಲ, ಅವನದೇ ಪತ್ರ ಇದೆ, ಗೆಳೆಯ ಚಾರ್ಲ್ಸ್ ಬ್ಯಾಕ್ಸ್‌ಟರ್‌ಗೆ 1873ರ ಫೆಬ್ರವರಿಯಲ್ಲಿ ಬರೆದದ್ದು. ಒಂದು ರಾತ್ರಿ ಅಪ್ಪ ದೇವರ ವಿಷಯದಲ್ಲಿ ನೇರ ಪ್ರಶ್ನೆ ಹಾಕಿದ. ಮಗ ಸುಳ್ಳು ಹೇಳಲಿಲ್ಲ, ನಂಬಿಕೆ ಇಲ್ಲ ಎಂದ. ನನ್ನ ಇಡೀ ಬಾಳನ್ನು ಸೋಲಾಗಿ ಮಾಡಿಬಿಟ್ಟೆ ಎಂದ ಅಪ್ಪ. ಆ ಮಾತನ್ನು ಮಗ ಹಾಗೇ ಪತ್ರದಲ್ಲಿ ಇಳಿಸಿದ್ದಾನೆ, ಹೆತ್ತವರಿಗೆ ನಾನೆಂಥ ಶಾಪ ಎಂದು ತನ್ನನ್ನೇ ಬೈದುಕೊಂಡು. ಕಾಫಿಗೆ ಹುರುಳು ಸಾಲದು ಎಂದು ಚಿಕೋರಿ ಬೆರೆಸುವ ಹಾಗೆ ಆಮೇಲಿನವರು ಹುಡುಗಿಯೊಬ್ಬಳನ್ನು ಬೆರೆಸಿದರು. ಇಲ್ಲಿ ಹುರುಳಿಗೆ ಏನು ಕೊರತೆಯಾಗಿತ್ತು?

ಹಾಗಂತ ಅವನು ಸಾಧುವೂ ಅಲ್ಲ. ಮಖಮಲ್ ಕೋಟು ಹಾಕಿಕೊಂಡು ಅಗ್ಗದ ಪಡಖಾನೆಗಳಲ್ಲಿ ಕೂರುತ್ತಿದ್ದ, ಅಲ್ಲಿನ ನಾವಿಕರು, ಕಳ್ಳರು ತನ್ನ ಒಡನಾಡಿಗಳು ಎಂದು ತಾನೇ ಹೇಳಿಕೊಂಡಿದ್ದಾನೆ. ಮನೆಯವರಿಗೆ ಇವು ಬೇಡವಾಗಿತ್ತು. 1901ರಲ್ಲಿ ನೆಂಟ ಗ್ರಹಾಂ ಬಾಲ್ಫರ್ ಎರಡು ಸಂಪುಟದ ಅಧಿಕೃತ ಚರಿತ್ರೆ ತಂದ. ಅವನು ಸ್ಟೀವನ್‌ಸನ್ ಜೊತೆ ಬಾಳಿದ್ದು ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ, 1892ರಿಂದ ಈಚೆಗೆ. ಬಾಲ್ಯದ ಅಧ್ಯಾಯಗಳೆಲ್ಲ ತಾಯಿಯ ಟಿಪ್ಪಣಿ, ಮನೆಯವರ ಮಾತು. ಅಂದರೆ ಅಧಿಕೃತವಾದದ್ದೂ ಕೇಳಿ ಬರೆದದ್ದೇ. ಅದೇ ಡಿಸೆಂಬರಿನಲ್ಲಿ ಹಳೇ ಗೆಳೆಯ ಹೆನ್ಲಿ ಪತ್ರಿಕೆಯಲ್ಲಿ ಹರಿಹಾಯ್ದ: ಇವನು ನಾನು ಕಂಡ ಮನುಷ್ಯನಲ್ಲ, ಚಾಕೊಲೇಟಿನ ದೇವದೂತ, ಬಾರ್ಲಿಸಕ್ಕರೆಯ ಬೊಂಬೆ. ನಮ್ಮ ಸಂಕ್ರಾಂತಿ ಸಕ್ಕರೆ ಅಚ್ಚು ನೆನೆಸಿಕೊಳ್ಳಿ. ಈ ಹೆನ್ಲಿಯೇ ಒಂದು ಕಾಲು ಕಳೆದುಕೊಂಡವನು, ಟ್ರೆಷರ್ ಐಲೆಂಡಿನ ಒಂಟಿಕಾಲಿನ ಕಡಲ್ಗಳ್ಳ ಲಾಂಗ್ ಜಾನ್ ಸಿಲ್ವರ್‌ಗೆ ಮಾದರಿ ಇವನೇ. ಹೆನ್ಲಿಗೂ ಹಳೇ ಹಗೆ ಇತ್ತು ಎನ್ನುವುದನ್ನೂ ಮರೆಯಬೇಡಿ. ಅಲ್ಲಿಂದ ಲೋಲಕ ಇನ್ನೊಂದು ತುದಿಗೆ ಹೋಗಿ ಕ್ಲೇರ್ ಹುಟ್ಟಿದಳು.

ಧಾರವಾಡ_ಪೇಢಾ
ಅಂದ್ರ ಮೊದಲ ಸಕ್ಕರಿ ಬಳದರು, ಆಮ್ಯಾಲೆ ಕೆಸರು ಬಳದರು. ನಮ್ಮ ಕಡಿ ಸತ್ತವರ ಬಗ್ಗೆ ಮಾತಾಡೂ ಮುಂದ ಹಿಂಗ ಅಲ್ಲೇನ್ರಿ? ತಿಥಿ ದಿವಸ ಒಂದು, ಆಸ್ತಿ ಪಾಲಾದ ಮರುದಿವಸ ಒಂದು.

ಲೀತ್_ದಂಡೆ
ಬಾರ್ಲಿಸಕ್ಕರೆ ಅಂದಾಗ ಇನ್ನೊಂದು ನೆನಪಾಯ್ತು. ನಮ್ಮ ಮನೆಯಿಂದ ಲೀತ್ ಹೊಳೆ ಗುಂಟ ನಡೆದರೆ ಕಾಲಿಂಟನ್ ಬರುತ್ತೆ. ಅವನ ತಾಯಿಯ ತಂದೆ ಲೂಯಿಸ್ ಬಾಲ್ಫರ್ ಅಲ್ಲಿ ಪಾದ್ರಿ. ಹುಡುಗ ಸಣ್ಣವನಿದ್ದಾಗ ಹೊಳೆಯ ಮಗ್ಗುಲ ಆ ಮನೆಯಲ್ಲಿ ಎಷ್ಟೋ ದಿನ ಕಳೆದವನು. ಆಗ ಹೊಳೆಯುದ್ದಕ್ಕೂ ನೀರಿನಿಂದ ತಿರುಗೋ ಗಿರಣಿಗಳು. ಚರ್ಚಿನ ಅಂಗಳಕ್ಕೆ ಒತ್ತಿಕೊಂಡ ತೋಟದಲ್ಲಿ ದೊಡ್ಡ ಯೂ ಮರ, ಅದು ಈಗಲೂ ಇದೆ.

ಅಜ್ಜ ಕಟ್ಟುನಿಟ್ಟು, ಮೊಮ್ಮಕ್ಕಳಿಗೆ ನಡುಕ. ಒಂದು ದಿನ ಅಜ್ಜ ಕಹಿ ಔಷಧಿ ಕುಡಿದರು. ಬಾಯಿ ಸಿಹಿಗೆ ದೊಡ್ಡಮ್ಮ ಬಾರ್ಲಿಸಕ್ಕರೆ ಮಿಠಾಯಿ ಕೊಟ್ಟಳು. ಹುಡುಗನಿಗೂ ಕೊಡಲು ಹೋದಾಗ ಅಜ್ಜ ಬೇಡ ಅಂದರು, ಔಷಧಿ ಕುಡಿಯದವನಿಗೆ ಮಿಠಾಯಿ ಯಾಕೆ ಅಂತ! ಮಗುವಿದ್ದಾಗ ಕೈಗೆ ಸಿಗದ ಸಕ್ಕರೆಯನ್ನು ಸತ್ತ ಮೇಲೆ ನೆಂಟರು ಮೈಗೆಲ್ಲ ಬಳಿದರು ನೋಡಿ.

ಅಜ್ಜನ ಓದೋ ಕೋಣೆ ಕತ್ತಲೆ, ಆದರೆ ಗೋಡೆ ತುಂಬ ಬಣ್ಣಬಣ್ಣದ ಇಂಡಿಯಾದ ಚಿತ್ರಗಳು. ಆ ಮನೆಯ ಗಂಡುಮಕ್ಕಳಲ್ಲಿ ಕೆಲವರು ಇಂಡಿಯಾಕ್ಕೆ ಹೋದವರು. ಒಂದು ಸಲ ಹುಡುಗನನ್ನು ಅಜ್ಜನ ಮುಂದೆ ಕೀರ್ತನೆ ಒಪ್ಪಿಸೋಕೆ ಕಳಿಸಿದರು. ‘ನಿನ್ನ ಕಾಲು ಜಾರಗೊಡನು, ನಿನ್ನ ಕಾಯುವವನು ತೂಕಡಿಸನು’ ಅನ್ನೋ ಕೀರ್ತನೆ. ಕಾಲು ನಡುಗ್ತಿದ್ದರೂ ಒಳಗೊಂದು ಆಸೆ: ಚೆನ್ನಾಗಿ ಹೇಳಿದರೆ ಆ ಇಂಡಿಯಾದ ಚಿತ್ರದಲ್ಲಿ ಒಂದನ್ನು ಕೊಟ್ಟಾರು. ಹೇಳಿದ. ಅಜ್ಜ ಎತ್ತಿಕೊಂಡು ಮುತ್ತು ಕೊಟ್ಟು, ಪುಟ್ಟ ಪ್ರವಚನ ಮಾಡಿ ಕಳಿಸಿದರು. ಚಿತ್ರ ಕೊಡಲಿಲ್ಲ.

ಸಾಗರದ_ಸೋನೆ
ಅಯ್ಯೋ ಪಾಪ! ಇಂಥಾದ್ದು ಓದಿದರೆ ಸುಳ್ಳು ಅನ್ನಿಸೋದೇ ಇಲ್ಲ. ಯಾರಾದರೂ ಕಟ್ಟೋಕೆ ಹೋದರೆ ಚಿತ್ರ ಕೊಡಿಸಿಬಿಡ್ತಿದ್ದರು.

ತಾಯಿಯ ಟಿಪ್ಪಣಿ ಅಂದರಲ್ಲ ಮೇಷ್ಟ್ರು, ಅದರಲ್ಲಿ ನನಗಿಷ್ಟವಾದದ್ದು ಮೋಸೆಯ ಕಥೆ. 1856ರಲ್ಲಿ ದೊಡ್ಡಪ್ಪನೊಬ್ಬ ಮಕ್ಕಳಿಗೆಲ್ಲ ಸ್ಪರ್ಧೆ ಇಟ್ಟ, ಮೋಸೆಯ ಚರಿತ್ರೆ ಬರೆದವರಿಗೆ ಬಹುಮಾನ ಅಂತ. ಇವನಿಗೆ ಆಗ ತಾನೇ ಆರು ತುಂಬಿತ್ತು, ಬರೆಯೋಕೆ ಬರಲ್ಲ. ಭಾನುವಾರ ಸಂಜೆ ಇವನು ಹೇಳೋದು, ಅಮ್ಮ ಬರೆದುಕೊಳ್ಳೋದು. ಚಿತ್ರ ಮಾತ್ರ ತಾನೇ ಬರೆದ, ಇಸ್ರೇಲಿನವರ ಬಾಯಲ್ಲೆಲ್ಲ ಪೈಪು! ಬೇರೆಯವರ ಕೈಯಲ್ಲಿ ಬರೆಸಿದ್ದೇ ಅವನ ಮೊದಲ ಪುಸ್ತಕ.

ಪುಟ_ಹರಿದವ
ಸೋನೆ ಅವರೇ, ಮೋಸೆ ಕಥೆ ನನ್ನ ಪುಸ್ತಕದಲ್ಲೂ ಇದೆ, ಪೈಪು ಇಲ್ಲ. ಧಾರವಾಡದವರೇ, ಅಪ್ಪ ಹಾಸಿಗೆ ಪಕ್ಕ ಕೂತು ಗಾಡಿಯವನ ಜೊತೆ ಮಾತಾಡೋದು ಅರ್ಧ ಪುಟ ಇದೆ. ಅಲ್ಲೂ ಪೆನ್ಸಿಲ್ ಗೆರೆ ಇದೆ, ಆದರೆ ಪ್ರಶ್ನೆ ಹಾಕಿಲ್ಲ. ಈಗ ಇಡೀ ಪುಸ್ತಕವನ್ನು ಮತ್ತೆ ಓದ್ತಿದ್ದೀನಿ, ಈ ಸಲ ಅಂಚನ್ನು ನೋಡಿಕೊಂಡು. ಒಟ್ಟು ಏಳು ಕಡೆ ‘ಹೇಳಿದವರು ಯಾರು?’ ಇದೆ. ಇಂಡಿಯಾದ ಚಿತ್ರದ ಪ್ರಸಂಗದ ಪಕ್ಕ ಬರೀ ‘ಹೌದು’ ಅಂತ ಬರೆದಿದ್ದಾರೆ.

ಧಾರವಾಡ_ಪೇಢಾ
ಓದಿ ಮುಗದ ಮ್ಯಾಲೆ ನನಗ ಕಳಸ್ರಿ. ಕೊರಿಯರ್ ರೊಕ್ಕ ನಾ ಕೊಡತೇನಿ, ಪೇಢಾನೂ ಕಳಸ್ತೇನಿ.

ಪುಟ_ಹರಿದವ
ಮೊದಲು ಮೇಷ್ಟ್ರಿಗೆ, ಆಮೇಲೆ ನಿಮಗೆ. ಆದರೆ ಒಂದು ಷರತ್ತು, ಅಂಚಿನಲ್ಲಿ ಬರೆಯೋದಿದ್ದರೆ ಪೆನ್ಸಿಲ್ಲಿನಲ್ಲೇ ಬರೀಬೇಕು. ಹಾಲಿನ ಲೆಕ್ಕದ ಮೇಲೆ ಬರೀಬೇಡಿ.